ರಾಗಿ ಸರಿ

ರಾಗಿ ಸರಿ ಎಂಬುದು ಆರು ತಿಂಗಳು ತುಂಬಿದ ಶಿಶುವಿಗೆ ಎದೆಹಾಲಿನ ಜೊತೆಗೆ ಉಣಿಸುವ ಮೆದು ಆಹಾರ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ನುಣುಪಾದ ಹಿಟ್ಟನ್ನು ನೀರಿನಲ್ಲಿ ಕಲಸಿ, ಕಾಯಿಸಿ ಇದನ್ನು ಸಿದ್ಧಪಡಿಸುತ್ತಾರೆ. ಹಳೆಯ ಮೈಸೂರು ಪ್ರಾಂತದಲ್ಲಿ ಈ ಹೆಸರು ರೂಢಿಯಲ್ಲಿದೆ. ಕರಾವಳಿಯ ರಾಗಿ ಮಣ್ಣಿ ಇದಕ್ಕೆ ಸಮೀಪದ ಆಹಾರ. ಅದರಲ್ಲಿ ನೆನೆಸಿದ ರಾಗಿಯನ್ನು ಅರೆದು, ಸೋಸಿ ಬಂದ ಹಾಲನ್ನು ಕಾಯಿಸುತ್ತಾರೆ.

ಆರಂಭಿಸುವ ಕಾಲ

ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ನೀಡಿ, ಬಳಿಕ ಇತರ ಆಹಾರ ಆರಂಭಿಸಬೇಕು. ಎದೆಹಾಲನ್ನು ಎರಡು ವರ್ಷದವರೆಗೆ ಅಥವಾ ಅದಕ್ಕೂ ಮೇಲೆ ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಶ್ವಲಾಯನ ಗೃಹ್ಯಸೂತ್ರವೂ ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನೇ ಹೇಳುತ್ತದೆ. ಗರ್ಭದಲ್ಲಿದ್ದಾಗ ಶಿಶು ಶೇಖರಿಸಿಕೊಂಡ ಕಬ್ಬಿಣಾಂಶವು ಈ ವೇಳೆಗೆ ಕಡಿಮೆಯಾಗುತ್ತ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣಾಂಶ ಅಲ್ಪ. ಬೆಳೆಯುವ ದೇಹಕ್ಕೆ ಅದರ ಶಕ್ತಿಯೊಂದೇ ಸಾಲದು. ಕುತ್ತಿಗೆ ನಿಲ್ಲುವುದು, ಆಸರೆ ಕೊಟ್ಟರೆ ಕುಳಿತುಕೊಳ್ಳುವುದು, ಬಾಯಿಗಿಟ್ಟದ್ದನ್ನು ನಾಲಗೆಯಿಂದ ಹೊರದೂಡದಿರುವುದು ಶಿಶು ಸಿದ್ಧವಾಗಿದೆ ಎಂಬುದರ ಲಕ್ಷಣಗಳು.

ಹಿಟ್ಟು ತಯಾರಿಸುವ ಕ್ರಮ

ಕಲ್ಲು, ಹೊಟ್ಟು ಆರಿಸಿ ತೊಳೆದ ರಾಗಿಯನ್ನು ಒಂದು ರಾತ್ರಿ ನೆನೆಹಾಕುತ್ತಾರೆ. ನೀರು ಬಸಿದು, ಒದ್ದೆ ಹತ್ತಿಬಟ್ಟೆಯಲ್ಲಿ ಗಂಟುಕಟ್ಟಿ ಒಂದೆರಡು ದಿನ ಇಟ್ಟರೆ ಮೊಳಕೆ ಒಡೆಯುತ್ತದೆ. ಅದನ್ನು ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರುಗಳನ್ನು ಬಿಡಿಸಿ, ಹದವಾದ ಉರಿಯಲ್ಲಿ ಬೆಚ್ಚಗೆ ಮಾಡಿ ಬೀಸುತ್ತಾರೆ. ಬಳಿಕ ತೆಳುಬಟ್ಟೆಯಲ್ಲಿ ಸೋಸಿ ತವುಡನ್ನು ಬೇರ್ಪಡಿಸುತ್ತಾರೆ. ಮುಗ್ಗಲು ವಾಸನೆ ಅಥವಾ ಬೂಷ್ಟು ಕಂಡ ಕಾಳನ್ನು ಬಳಸಬಾರದು.

ಮೊಳಕೆಯ ಮಹತ್ವ

ಸಾಮಾನ್ಯ ರಾಗಿಹಿಟ್ಟು ಬೇಯುವಾಗ ಅದರ ಪಿಷ್ಟವು ನೀರು ಹೀರಿ ಉಬ್ಬಿ ಗಟ್ಟಿಯಾಗುತ್ತದೆ. ಶಿಶು ನುಂಗಬಲ್ಲಷ್ಟು ಸಡಿಲವಾಗಲೆಂದು ನೀರು ಬೆರೆಸಿದಷ್ಟೂ ಬಟ್ಟಲಿನಲ್ಲಿ ಹಿಟ್ಟಿನ ಪಾಲು ಇಳಿಯುತ್ತದೆ. ಮೊಳಕೆಯ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ಸಡಿಲವಾಗಿಯೇ ಉಳಿಯುತ್ತದೆ. ಕೆಂಪಗೆ ಹುರಿದರೆ ಈ ಕಿಣ್ವ ನಾಶವಾಗುತ್ತದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೊಕ್ಯಾಲರಿ ಶಕ್ತಿಯಿದೆ. 6ರಿಂದ 8 ತಿಂಗಳ ಶಿಶುವಿಗೆ ಎದೆಹಾಲಲ್ಲದೆ ದಿನಕ್ಕೆ ಸುಮಾರು 200 ಕಿಲೊಕ್ಯಾಲರಿ ಬೇಕು. 10 ಗ್ರಾಂ ಹಿಟ್ಟಿನ ತೆಳು ಗಂಜಿ ಒಂದು ಬಟ್ಟಲಿಗೆ 32 ಕಿಲೊಕ್ಯಾಲರಿ ಮಾತ್ರ ಕೊಡುತ್ತದೆ; ಅಂದರೆ ದಿನಕ್ಕೆ ಆರು ಬಟ್ಟಲಿಗೂ ಮೇಲೆ ಬೇಕು. ಪುಟ್ಟ ಹೊಟ್ಟೆಗೆ ಅದು ಅಸಾಧ್ಯ. ಹೀಗಾಗಿ ಹೊಟ್ಟೆ ತುಂಬಿದಂತೆ ಕಂಡರೂ ಶಿಶುವಿನ ತೂಕ ಏರದಿರಬಹುದು. ಸರಿಯ ಹದವು ಚಮಚವನ್ನು ಓರೆ ಮಾಡಿದಾಗ ನೀರಿನಂತೆ ಸುರಿಯದೆ ನಿಧಾನವಾಗಿ ಜಾರುವಂತಿರಬೇಕು. ಒಂದು ಚಿಕ್ಕ ಚಮಚ ತುಪ್ಪ ಬೆರೆಸಿದರೆ ಸುಮಾರು 45 ಕಿಲೊಕ್ಯಾಲರಿ ಹೆಚ್ಚುತ್ತದೆ.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆ ರಾಗಿ ಹಾಗೂ ಹೆಸರುಕಾಳಿನಿಂದ ಇಂತಹ ಶಿಶು ಆಹಾರವನ್ನು ರೂಪಿಸಿ, 1982ರಲ್ಲಿ ಅದರ ವಿವರ ಪ್ರಕಟಿಸಿದರು.

ಪೌಷ್ಟಿಕತೆ ಮತ್ತು ಮಿತಿಗಳು

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಇದು ಅತಿ ಹೆಚ್ಚಿನ ಪ್ರಮಾಣ. ಕಬ್ಬಿಣಾಂಶವಿದ್ದರೂ ಫೈಟೇಟ್ ಮತ್ತು ಟ್ಯಾನಿನ್‌ಗಳು ಅದನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. ಮೊಳಕೆ ಕಟ್ಟುವುದರಿಂದ ಈ ತಡೆ ಕಡಿಮೆಯಾಗುತ್ತದೆ, ಪೂರ್ಣವಾಗಿ ನೀಗುವುದಿಲ್ಲ. ಆದುದರಿಂದ ವರ್ಷ ತುಂಬುವವರೆಗೆ ರಾಗಿ ಸರಿಯೊಂದನ್ನೇ ಉಣಿಸುವ ರೂಢಿ ಸಮರ್ಪಕವಲ್ಲ. ಬೇಳೆ, ಬೇಯಿಸಿ ನುರಿದ ಸೊಪ್ಪು ತರಕಾರಿ, ಹಣ್ಣುಗಳನ್ನೂ, ಸೇವಿಸುವ ಮನೆಗಳಲ್ಲಿ ಮೊಟ್ಟೆ, ಮೀನು, ಮಾಂಸಗಳನ್ನೂ ಒಂದೊಂದಾಗಿ ಸೇರಿಸಬೇಕು.

ಉಣಿಸುವ ವಿಧಾನ

ಮೊದಲಿಗೆ ಎರಡು ಮೂರು ಚಮಚ ಸಾಕು. ಪ್ರಮಾಣವನ್ನು ಕ್ರಮೇಣ ಅರ್ಧ ಬಟ್ಟಲಿಗೆ ಏರಿಸಬೇಕು. 6ರಿಂದ 8 ತಿಂಗಳವರೆಗೆ ದಿನಕ್ಕೆ 2–3 ಬಾರಿ, 9ನೆಯ ತಿಂಗಳಿನಿಂದ 3–4 ಬಾರಿ ಉಣಿಸಬೇಕು. ಹಿಂದೆ ಶಿಶುವನ್ನು ಕಾಲ ಮೇಲೆ ಮಲಗಿಸಿ ಒಳಲೆಯಿಂದ ಸರಿ ಹುಯ್ಯುತ್ತಿದ್ದರು. ಮಲಗಿರುವಾಗ ಅಥವಾ ಅಳುವಾಗ ಹುಯ್ದ ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಕೂರಿಸಿಕೊಂಡು ಚಮಚದಿಂದ ಉಣಿಸಿ, ಮಗು ಮುಖ ತಿರುಗಿಸಿದಾಗ ನಿಲ್ಲಿಸುವುದು ಸುರಕ್ಷಿತ.

ಎಚ್ಚರಿಕೆಗಳು

ವರ್ಷ ತುಂಬದ ಶಿಶುವಿಗೆ ಜೇನುತುಪ್ಪ ಕೊಡಬಾರದು; ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಬಾಟ್ಯುಲಿಸಂ ಎಂಬ ಮಾರಕ ರೋಗವನ್ನು ಉಂಟುಮಾಡಬಲ್ಲವು. ಸಕ್ಕರೆ, ಬೆಲ್ಲ, ಉಪ್ಪು ಬೆರೆಸುವ ಅಗತ್ಯವಿಲ್ಲ. ಸರಿಯನ್ನು ಆಯಾ ಹೊತ್ತಿಗೆ ಹೊಸದಾಗಿ ಕಾಯಿಸಬೇಕು. ಉಳಿದದ್ದನ್ನು ಮತ್ತೆ ಉಣಿಸಬಾರದು. ರಾಗಿ ಮಾಲ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಡಿಗಳೆಲ್ಲವೂ ಮೊಳಕೆ ರಾಗಿಯವಲ್ಲ. ಕೆಲವಕ್ಕೆ ಸಕ್ಕರೆ ಬೆರೆಸಿರುತ್ತಾರೆ. ಶಿಶುವಿನ ತೂಕ ಏರದಿದ್ದರೆ ಅಥವಾ ಪದೇ ಪದೇ ಭೇದಿಯಾದರೆ ವೈದ್ಯರಿಗೆ ತೋರಿಸಬೇಕು.