ಸ್ಥಾವರಧ್ವನಿ, ಜಂಗಮಧ್ವನಿ

ಚಾಮರಾಜನಗರದ ಅಂಗಡಿಬೀದಿಯಲ್ಲಾಗಲಿ, ಊಟಿಯ ದಾರಿಯೂ ಸುಲ್ತಾನ್ ಬತ್ತೇರಿಯ ದಾರಿಯೂ ಕವಲೊಡೆಯುವ ಗುಂಡ್ಲುಪೇಟೆಯಲ್ಲಾಗಲಿ, ಎಲೆಕ್ಟ್ರಾನಿಕ್ಸ್ ಅಂಗಡಿಯೊಂದನ್ನು ಹೊಕ್ಕವರಿಗೆ ಇಂದು ಎರಡು ಜಾತಿಯ ಧ್ವನಿಯಂತ್ರಗಳು ಒಂದೇ ಕಪಾಟಿನಲ್ಲಿ ಕಾಣಸಿಗುತ್ತವೆ. ಬ್ಯಾಟರಿಯ ಬಲದಿಂದ ನುಡಿಯುತ್ತ, ಅಂಗೈಯಲ್ಲಿ ಅಡಗಿ, ಹೊಲಕ್ಕೂ ಮಹಡಿಗೂ ಒಡೆಯನನ್ನು ಹಿಂಬಾಲಿಸುವ ಬ್ಲೂಟೂತ್ ಸ್ಪೀಕರು ಒಂದು. ಮೂಲೆಯಲ್ಲಿ ಭಾರವಾಗಿ ಕುಳಿತ ಸಬ್‌ವೂಫರನ್ನೂ, ತಂತಿಗಳಿಂದ ಬಿಗಿದ ಐದು ಸ್ಪೀಕರುಗಳನ್ನೂ ಒಳಗೊಂಡ ಹೋಂ ಥಿಯೇಟರು ಇನ್ನೊಂದು. ಜಂಗಮವೆನ್ನಬಹುದಾದ ಮೊದಲನೆಯದನ್ನೂ ಸ್ಥಾವರವೆನ್ನಬಹುದಾದ ಎರಡನೆಯದನ್ನೂ ಕೊಂಡ ಗೃಹಸ್ಥನು, ಇವೆರಡನ್ನೂ ಕೂಡಿಸಿ ಒಂದೇ ಮೇಳವಾಗಿ ನುಡಿಸಲಾಗದೇ ಎಂದು ಕೇಳುವುದು ಸಹಜವೇ ಸರಿ. ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ವಾಟುಗಳ ಲೆಕ್ಕದಲ್ಲಿರುತ್ತದೆ. ನಿಜವಾದ ಉತ್ತರವಾದರೋ ಕಾಲದ ಲೆಕ್ಕದಲ್ಲಿದೆ. ಈ ಎರಡು ವಂಶಗಳೂ ಎಲ್ಲಿಂದ ಹೊರಟು ಹೇಗೆ ಬೆಳೆದುವೆಂಬುದನ್ನು ನೋಡಿದ ಹೊರತು ಆ ಮಾತು ಮನಸ್ಸಿಗೆ ಹತ್ತದು.

ಸುತ್ತುವರಿದ ನಾದವೆಂಬುದು ಈ ಸೀಮೆಗೆ ಯಂತ್ರದಿಂದ ಬಂದ ಭಾಗ್ಯವಲ್ಲ. ಮಲೆಯ ಮಹದೇಶ್ವರನ ಗುಡ್ಡರು ಕಂಸಾಳೆ ಹಿಡಿದು ಕುಣಿಯುವಲ್ಲಿ, ನೀಲಗಾರರು ತಂಬೂರಿ, ಡಕ್ಕೆ, ಗಗ್ಗರಗಳೊಡನೆ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯೆಲ್ಲ ಹಾಡುವಲ್ಲಿ, ಸುತ್ತ ನೆರೆದ ಕೇಳುಗನಿಗೆ ನಾದವು ಹಲವು ಕಡೆಗಳಿಂದ ಬಂದು ಮುಟ್ಟುತ್ತಿತ್ತು, ಇಂದಿಗೂ ಮುಟ್ಟುತ್ತದೆ. ಯಂತ್ರವು ಬಂದಾಗ ಮೊದಲು ಮಾಡಿದ ಕೆಲಸವೆಂದರೆ ಆ ನಾದವನ್ನು ಒಂದೇ ದಿಕ್ಕಿಗೆ ಕಟ್ಟಿಹಾಕಿದುದು. ಆಲಿವರ್ ಲಾಡ್ಜ್ 1898ರಲ್ಲಿ ಚಲಿಸುವ ಸುರುಳಿಯ ತತ್ತ್ವಕ್ಕೆ ಪೇಟೆಂಟು ಪಡೆದನು. ಅದೇ ತತ್ತ್ವವನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದ ತಮ್ಮ ಪ್ರಬಂಧದಲ್ಲಿ ಪರಿಷ್ಕರಿಸಿ, ಇಂದಿನ ಸ್ಪೀಕರಿಗೆ ಮೂಲರೂಪವನ್ನು ಕೊಟ್ಟರು. ಹತ್ತು ವರ್ಷಗಳ ತರುವಾಯ, 1935ರಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯೆಂಬ ರೇಡಿಯೋ ಕೇಂದ್ರವನ್ನು ಆರಂಭಿಸಿದರು. ಚಾಮರಾಜನಗರವೂ ಗುಂಡ್ಲುಪೇಟೆಯೂ ಆಗ ಮೈಸೂರು ಜಿಲ್ಲೆಗೆ ಸೇರಿದ್ದುವಷ್ಟೆ.

ಮನೆಯೊಳಗೆ ರೇಡಿಯೋ, ಬಯಲಿನಲ್ಲಿ ಮೈಕ್ ಸೆಟ್, ಟೆಂಟಿನಲ್ಲಿ ಪರದೆಯ ಹಿಂದಣ ಸ್ಪೀಕರು: ಬಹುಕಾಲ ಯಂತ್ರಧ್ವನಿಯ ಪ್ರಪಂಚವು ಇಷ್ಟರಲ್ಲಿಯೇ ಮುಗಿಯುತ್ತಿತ್ತು. ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವ ಹಾರ್ನು ಮನುಷ್ಯನ ಮಾತನ್ನು ದೂರಕ್ಕೆ ಒಯ್ಯುವುದರಲ್ಲಿ ಅಸಾಧಾರಣವಾದುದು. ಆದರೆ ಅದರ ಕಿರಿದಾದ ಬಾಯಿಯಿಂದ ಮಂದ್ರಸ್ವರವು ಹೊರಡದು. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರನ ಗುಡಿಯ ಮುಂದೆ ಆಷಾಢಮಾಸದ ರಥೋತ್ಸವ ನಡೆಯುವಾಗ ತಮಟೆಯ ಪೆಟ್ಟನ್ನು ಎದೆಯಲ್ಲಿ ಕೇಳಿದವನಿಗೆ, ಅದೇ ತಮಟೆ ಹಾರ್ನಿನಿಂದ ಬಂದಾಗ ಏನನ್ನು ಕಳೆದುಕೊಂಡಿತೆಂಬುದನ್ನು ವಿವರಿಸಬೇಕಾಗಿಲ್ಲ.

ಕಳೆದುಹೋದ ಆ ಮಂದ್ರವನ್ನು ಮರಳಿ ಪಡೆಯುವ ಸಾಧನೆಯೇ ಸಬ್‌ವೂಫರಿನ ಚರಿತ್ರೆ. ಎಡ್ಗರ್ ವಿಲ್ಚರ್ 1954ರಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗಣ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಚಿಕ್ಕ ಪೆಟ್ಟಿಗೆಯಿಂದಲೂ ಗಂಭೀರ ಧ್ವನಿಯನ್ನು ಹೊರಡಿಸಬಹುದೆಂದು ತೋರಿಸಿದನು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಪೆಟ್ಟಿಗೆಯ ಅಳತೆಯನ್ನು ಗಣಿತಕ್ಕೆ ಒಳಪಡಿಸಿದ ಮೇಲೆ, ಬಡಗಿಯ ಊಹೆಗೆ ಬಿಟ್ಟಿದ್ದ ವಿಷಯ ಶಾಸ್ತ್ರವಾಯಿತು. ಸುತ್ತುಧ್ವನಿಯ ವಂಶ ಇದಕ್ಕಿಂತ ಹಳೆಯದು. ಅಲನ್ ಬ್ಲಮ್ಲೈನ್ 1931ರಲ್ಲಿ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದನು. ಡಿಸ್ನಿಯವರು 1940ರಲ್ಲಿ ‘ಫ್ಯಾಂಟೇಸಿಯ’ ಚಿತ್ರಕ್ಕಾಗಿ ಚಿತ್ರಮಂದಿರದ ಸುತ್ತಲೂ ಸ್ಪೀಕರುಗಳನ್ನಿಟ್ಟರು. ಡಾಲ್ಬಿಯ ಅಂಕೀಯ ಧ್ವನಿ 1992ರಲ್ಲಿ ಬಂದು, ಐದು ದಿಕ್ಕುಗಳಿಗೆ ಪ್ರತ್ಯೇಕವಾದ ಐದು ವಾಹಿನಿಗಳೂ 120 ಹರ್ಟ್ಜಿನ ಕೆಳಗಣ ಮಂದ್ರಕ್ಕೆ ಮೀಸಲಾದ ಒಂದು ವಾಹಿನಿಯೂ ಸೇರಿ 5.1 ಎಂಬ ವ್ಯವಸ್ಥೆ ನೆಲೆಗೊಂಡಿತು. ಐದಕ್ಕೆ ಒಂದೇ ಸಬ್‌ವೂಫರು ಸಾಲುವುದೇಕೆಂದರೆ, 80 ಹರ್ಟ್ಜಿನ ಅಲೆಯೊಂದು ನಾಲ್ಕು ಮೀಟರಿಗೂ ಮಿಗಿಲಾದ ಉದ್ದವುಳ್ಳದ್ದಾದುದರಿಂದ, ಅದು ಯಾವ ಮೂಲೆಯಿಂದ ಬಂತೆಂಬುದನ್ನು ನಮ್ಮ ಕಿವಿ ಗುರುತಿಸಲಾರದು.

ಡಿವಿಡಿಯೊಂದಿಗೆ ಈ ವ್ಯವಸ್ಥೆ ನಮ್ಮ ಸಣ್ಣ ಊರುಗಳಿಗೆ ಬಂದಾಗ ಅದನ್ನು ಮನೆಮನೆಗೆ ತಲಪಿಸಿದವರಲ್ಲಿ ದೊಡ್ಡ ಕಂಪನಿಗಳವರಷ್ಟೇ ಪಾಲು ರಿಪೇರಿ ಅಂಗಡಿಯ ಮೆಕ್ಯಾನಿಕ್ಕುಗಳದು. ಆಂಪ್ಲಿಫೈಯರಿನ 4440 ಐಸಿಯನ್ನೋ ಟಿಡಿಎ 2030 ಐಸಿಯನ್ನೋ ಬೆಸುಗೆಹಾಕಿ, ಟ್ರಾನ್ಸ್‌ಫಾರ್ಮರು ಕೂರಿಸಿ, ಸುತ್ತುಧ್ವನಿಯನ್ನು ಬಿಡಿಸಿಕೊಡುವ ಪ್ರೊಲಾಜಿಕ್ ಬೋರ್ಡು ಜೋಡಿಸಿ, ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ವೂಫರನ್ನು ಅಳವಡಿಸಿ, ಕಂಪನಿಯ ಸೆಟ್ಟಿಗಿಂತ ಎಷ್ಟೋ ಕಡಮೆ ಬೆಲೆಗೆ ‘ಅಸೆಂಬಲ್’ ಸೆಟ್ಟನ್ನು ಕೊಟ್ಟ ಈ ಕೈಗಳ ವಿದ್ಯೆಯನ್ನು ಯಾವ ಚರಿತ್ರಕಾರನೂ ಬರೆದಿಟ್ಟಿಲ್ಲವೆಂಬುದು ನನಗೆ ನಿಜವಾದ ಖೇದದ ಸಂಗತಿ. ಯಾವ ಯಂತ್ರವನ್ನು ಯಾವುದಕ್ಕೆ ಬೇಕಾದರೂ ತಂತಿಯಿಂದ ಕೂಡಿಸಬಹುದೆಂಬ ಧೈರ್ಯ ಅವರದು. ಆ ಧೈರ್ಯಕ್ಕೆ ಆಧಾರವೂ ಇತ್ತು, ಏಕೆಂದರೆ ತಂತಿಯಲ್ಲಿ ಹರಿಯುವ ಸಂಕೇತಕ್ಕೆ ಕಿವಿಗೆ ತಿಳಿಯುವಂಥ ವಿಳಂಬವೆಂಬುದೇ ಇಲ್ಲ.

ಇದೇ ಅವಧಿಯಲ್ಲಿ ಮನೆಯೂ ಬದಲಾಯಿತೆಂಬುದನ್ನು ಮರೆಯಬಾರದು. ಹಳೆಯ ತೊಟ್ಟಿಮನೆಯಲ್ಲಿ ನಡುವೆ ಆಕಾಶ ತೆರೆದಿರುತ್ತಿತ್ತು, ಹೆಂಚಿನ ಸಂದುಗಳಿಂದ ಗಾಳಿ ಆಡುತ್ತಿತ್ತು. ಮಂದ್ರದ ಅಲೆಗಳು ಅಲ್ಲಿ ನಿಲ್ಲದೆ ಹೊರಟುಹೋಗುತ್ತಿದ್ದುವು. ಇಂದಿನ ಆರ್‌ಸಿಸಿ ಮನೆಯ ಹನ್ನೆರಡಡಿ ಉದ್ದದ ಹಾಲಿನಲ್ಲಿ, ಸಿಮೆಂಟಿನ ಗೋಡೆ ಮತ್ತು ಟೈಲ್ಸಿನ ನೆಲಗಳ ನಡುವೆ, ಸುಮಾರು 47 ಹರ್ಟ್ಜಿನ ಅಲೆಯೊಂದು ಎದುರುಬದುರು ಗೋಡೆಗಳಿಗೆ ಬಡಿದು ತನ್ನನ್ನು ತಾನೇ ಬಲಪಡಿಸಿಕೊಂಡು ನಿಲ್ಲುತ್ತದೆ. ಗೋಡೆಗೊರಗಿ ಕುಳಿತವನಿಗೆ ಬಾಸು ಅತಿಯಾಗಿಯೂ, ಕೋಣೆಯ ನಡುವೆ ಕುಳಿತವನಿಗೆ ಬಡವಾಗಿಯೂ ಕೇಳುವುದು ಇದರಿಂದಲೇ. ಸಬ್‌ವೂಫರು ಸರಿಯಿಲ್ಲವೆಂದು ಅಂಗಡಿಗೆ ಹಿಂದಿರುಗಿಸುವವರಲ್ಲಿ ಅನೇಕರು ವಾಸ್ತವವಾಗಿ ತಮ್ಮ ಹಾಲಿನ ಮೇಲೆ ದೂರು ಕೊಡುತ್ತಿರುತ್ತಾರೆ.

ಜಂಗಮವಂಶದ ಮೂಲಪುರುಷ ಟ್ರಾನ್ಸಿಸ್ಟರ್ ರೇಡಿಯೋ. ಅದರ ಮಗ ಟೂ-ಇನ್-ಒನ್ ಟೇಪ್‌ರೆಕಾರ್ಡರು. ಬ್ಲೂಟೂತಿನ ಕಾರ್ಯ ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ 1994ರಲ್ಲಿ ಮೊದಲಾಯಿತು. ಉತ್ತಮ ದರ್ಜೆಯ ಸಂಗೀತವನ್ನು ಅದರ ಮೂಲಕ ಸಾಗಿಸುವ ಎ2ಡಿಪಿ ಎಂಬ ನಿಯಮಾವಳಿ 2003ರಲ್ಲಿ ಬಂದಿತು. ಬ್ಲೂಟೂತು ಬಳಸುವ 2.4 ಗಿಗಾಹರ್ಟ್ಜಿನ ಪಟ್ಟಿಯನ್ನು ಭಾರತ ಸರ್ಕಾರ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. 2010ರಲ್ಲಿ ಜಾಬೋನ್ ಸಂಸ್ಥೆಯ ಜಾಂಬಾಕ್ಸ್ ಬಂದ ಮೇಲೆ ಅಂಗೈಯ ಸ್ಪೀಕರು ಲೋಕಪ್ರಿಯವಾಯಿತು. ಇಂಥ ಅನೇಕ ಸ್ಪೀಕರುಗಳ ಎರಡು ತುದಿಗಳಲ್ಲಿ ಅದುರುವ ರಬ್ಬರಿನ ಬಿಲ್ಲೆಗಳನ್ನು ಹೊಸ ಆವಿಷ್ಕಾರವೆಂದು ಭಾವಿಸುವವರುಂಟು. ಆದರೆ ಸ್ವತಃ ವಿದ್ಯುತ್ತಿಲ್ಲದೆ ಒಳಗಣ ಗಾಳಿಯ ಒತ್ತಡದಿಂದಲೇ ಅದುರುವ ಆ ರೇಡಿಯೇಟರಿಗೆ ಹ್ಯಾರಿ ಓಲ್ಸನ್ 1935ರಲ್ಲಿಯೇ, ಮೈಸೂರಿನ ಆಕಾಶವಾಣಿ ಹುಟ್ಟಿದ ವರ್ಷದಲ್ಲಿಯೇ, ಪೇಟೆಂಟು ಪಡೆದಿದ್ದನು.

ಈಗ ಸಮ್ಮಿಲನದ ಪ್ರಶ್ನೆಗೆ ಬರೋಣ. ಟಿವಿಯ ಧ್ವನಿಯನ್ನು ಬ್ಲೂಟೂತಿನಿಂದ ಕಳುಹಿಸಿದರೆ, ಅದನ್ನು ಸಂಕುಚಿತಗೊಳಿಸಿ, ಕಂತುಕಂತಾಗಿ ರವಾನಿಸಿ, ಆ ಕಡೆ ಕೂಡಿಟ್ಟು, ಬಿಡಿಸಿ ನುಡಿಸುವಷ್ಟರಲ್ಲಿ ಸಾಮಾನ್ಯವಾಗಿ 150ರಿಂದ 200 ಮಿಲಿಸೆಕೆಂಡು ಕಳೆದಿರುತ್ತದೆ. ಶಬ್ದವು ಗಾಳಿಯಲ್ಲಿ ಒಂದು ಮೀಟರು ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಆದುದರಿಂದ ಸೋಫಾದ ಹಿಂದೆ ಇಟ್ಟ ಆ ಪುಟ್ಟ ಸ್ಪೀಕರು, ಲೆಕ್ಕಕ್ಕೆ, ಐವತ್ತು ಮೀಟರಿಗಿಂತಲೂ ದೂರದಲ್ಲಿ ನಿಂತಂತಾಯಿತು. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಕಂಡುಕೊಂಡಂತೆ, ಒಂದೇ ಧ್ವನಿ ಎರಡು ಕಡೆಗಳಿಂದ ಸುಮಾರು 30 ಮಿಲಿಸೆಕೆಂಡಿನೊಳಗಣ ಅಂತರದಲ್ಲಿ ಬಂದರೆ ಕಿವಿ ಅವನ್ನು ಒಂದೇ ಎಂದು ಸ್ವೀಕರಿಸುತ್ತದೆ; ಅಂತರವು ಇದನ್ನು ಬಹಳವಾಗಿ ಮೀರಿದರೆ ಎರಡನೆಯದು ಪ್ರತಿಧ್ವನಿಯಾಗಿಬಿಡುತ್ತದೆ. ಕಂಸಾಳೆಯ ಮೇಳದಲ್ಲಿ ಒಬ್ಬನ ಪೆಟ್ಟು ತಡವಾಗಿ ಬಿದ್ದರೆ ಅವನೊಬ್ಬನ ತಾಳವಲ್ಲ, ಎಲ್ಲರ ತಾಳವೂ ಕೆಡುವಂತೆಯೇ ಇದು. ತಂತಿಯ ಸ್ಪೀಕರುಗಳನ್ನು ಹೋಂ ಥಿಯೇಟರಿನ ಸೆಟ್ಟಿಂಗಿನಲ್ಲಿ ಬೇಕೆಂದೇ ತಡೆಹಿಡಿದು, ತಡವಾಗಿ ಬರುವವನಿಗಾಗಿ ಕಾಯಿಸಬಹುದಲ್ಲವೇ ಎಂದರೆ, ಕಾಯಿಸಬಹುದು. ಆದರೆ ಆಗ ಧ್ವನಿಯೆಲ್ಲ ಚಿತ್ರದ ಹಿಂದೆ ಬೀಳುತ್ತದೆ. ಧ್ವನಿಯು ಚಿತ್ರಕ್ಕಿಂತ ಸುಮಾರು 125 ಮಿಲಿಸೆಕೆಂಡು ಹಿಂದಾದರೆ ನೋಡುಗನಿಗೆ ಅದು ಗೊತ್ತಾಗುತ್ತದೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಹೇಳಿದೆ.

ತಯಾರಕರು ಈ ತೊಡಕನ್ನು ಅರಿಯದವರಲ್ಲ. ಫಿಲಿಪ್ಸ್ ಸಂಸ್ಥೆ 2013ರಲ್ಲಿಯೇ, ಬೇಕಾದಾಗ ತುದಿಗಳನ್ನು ಕಳಚಿ ಹಿಂದಿಟ್ಟುಕೊಳ್ಳಬಹುದಾದ, ಬ್ಯಾಟರಿಯುಳ್ಳ ಸ್ಪೀಕರುಗಳ ಸೌಂಡ್‌ಬಾರೊಂದನ್ನು ತಂದಿತು. ಜೆಬಿಎಲ್ ಸಂಸ್ಥೆ ಅದೇ ಮಾರ್ಗವನ್ನು ಮುಂದುವರಿಸಿತು. ಸೋನಿಯ 2023ರ ಎಚ್‌ಟಿ-ಎಎಕ್ಸ್7 ಇಡೀ ಸುತ್ತುಧ್ವನಿಯನ್ನೇ ಕೈಗೆತ್ತಿ ಒಯ್ಯುವಂತೆ ಮಾಡಿತು. ಇವೆಲ್ಲದರಲ್ಲಿಯೂ ಹಿಂದಣ ಸ್ಪೀಕರು ಮೊದಲೇ ತನ್ನ ಮೂಲಯಂತ್ರಕ್ಕೆ ಬದ್ಧವಾದುದು. ಸ್ವತಂತ್ರವಾಗಿ ಕೊಂಡ ಜಂಗಮ ಸ್ಪೀಕರಿಗೆ ಸಾಮಾನ್ಯವಾಗಿ ಈ ಮರ್ಯಾದೆ ದೊರೆಯದು: ಸೋನಾಸ್ ಸಂಸ್ಥೆಯ 2019ರ ಮೂವ್ ಆಗಲಿ 2021ರ ರೋಮ್ ಆಗಲಿ, ಅದೇ ಸಂಸ್ಥೆಯ ಸಬ್‌ವೂಫರಿನೊಡನೆ ಕೂಡವು, ಹಿಂದಣ ಸ್ಪೀಕರುಗಳಾಗಿಯೂ ನಿಲ್ಲವು. ಜೆಬಿಎಲ್‌ನ ಕನೆಕ್ಟ್ ಪ್ಲಸ್ ತಲೆಮಾರಿನ ಸ್ಪೀಕರು ಪಾರ್ಟಿಬೂಸ್ಟ್ ತಲೆಮಾರಿನದರೊಡನೆ ಸೇರದು. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಮಾತನಾಡದಿರುವುದನ್ನು ತಾಂತ್ರಿಕ ಅನಿವಾರ್ಯತೆಯೆಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ. ಅದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಹೊಸ ಸ್ಪೀಕರುಗಳಿಂದ ತಂತಿ ಚುಚ್ಚುವ ಆಕ್ಸ್ ರಂಧ್ರವನ್ನೇ ತೆಗೆದುಹಾಕುತ್ತಿರುವುದು. ನಮ್ಮ ಮೆಕ್ಯಾನಿಕ್ಕಿನ ಕೈಗೆ ಉಳಿದಿದ್ದ ಕೊನೆಯ ಬಾಗಿಲೂ ಹೀಗೆ ಮುಚ್ಚುತ್ತಿದೆ. 2020ರಲ್ಲಿ ಘೋಷಿತವಾದ ಎಲ್‌ಇ ಆಡಿಯೋ ಎಂಬ ನಿಯಮಾವಳಿಯೂ, ಅದರ ಅಂಗವಾಗಿ 2022ರಲ್ಲಿ ಹೆಸರು ಪಡೆದ ಆರಾಕಾಸ್ಟೂ ಹಲವು ಸ್ಪೀಕರುಗಳಿಗೆ ಒಂದೇ ಕಾಲಸೂತ್ರದಲ್ಲಿ ಧ್ವನಿಯನ್ನು ಹಂಚುವ ದಾರಿಯನ್ನು ತೆರೆದಿವೆ. ಸಂಸ್ಥೆಗಳು ಬೇಲಿ ಹಾಕದಿದ್ದರೆ ಅದರಿಂದ ಹಿತವಾದೀತು.

ಸದ್ಯಕ್ಕೆ ಈ ಊರುಗಳ ಗೃಹಸ್ಥನಿಗೆ ಸಾಧ್ಯವಾದುದೇನು? ಜಂಗಮ ಸ್ಪೀಕರಿಗೆ ಆಕ್ಸ್ ರಂಧ್ರವಿದ್ದರೆ, ಒಂದೇ ಮೂಲದಿಂದ ಕವಲೊಡೆದ ವೈ ಕೇಬಲ್ಲಿನ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಸಬ್‌ವೂಫರಿನ ಆಂಪ್ಲಿಫೈಯರಿಗೂ ಕೊಡುವುದು ಉತ್ತಮ. ಆಕ್ಸಿನಲ್ಲಿ ಕೂಡ ಕೆಲವು ಸ್ಪೀಕರುಗಳು ಧ್ವನಿಯನ್ನು ಒಳಗೆ ಅಂಕೀಯವಾಗಿ ಸಂಸ್ಕರಿಸಿ ತುಸು ತಡಮಾಡುವುದರಿಂದ, ಚಪ್ಪಾಳೆಯ ಶಬ್ದವೊಂದನ್ನು ನುಡಿಸಿ, ಅದು ಒಂದಾಗಿ ಕೇಳಿತೋ ಎರಡಾಗಿ ಕೇಳಿತೋ ಎಂಬುದನ್ನು ಪರೀಕ್ಷಿಸಬೇಕು. ಅಂಗೈಯ ಸ್ಪೀಕರು 80 ಹರ್ಟ್ಜಿನ ಬಹಳ ಮೇಲೆಯೇ ದಣಿಯುತ್ತದೆ. ಧ್ವನಿ ಏರಿಸಿದಂತೆ ತನ್ನ ಬಾಸನ್ನು ತಾನೇ ಕುಗ್ಗಿಸಿಕೊಳ್ಳುವುದೂ ಅದರ ಸ್ವಭಾವ. ಆದಕಾರಣ ಸಬ್‌ವೂಫರಿನ ಕ್ರಾಸ್‌ಓವರನ್ನು, ಎಂದರೆ ಅದು ನುಡಿಸುವ ಧ್ವನಿಯ ಮೇಲಣ ಮಿತಿಯನ್ನು, 120ರಿಂದ 150 ಹರ್ಟ್ಜಿನವರೆಗೆ ಏರಿಸಬೇಕಾಗುತ್ತದೆ. ಅಷ್ಟು ಮೇಲಿನ ಧ್ವನಿ ಬರುವ ದಿಕ್ಕನ್ನು ಕಿವಿ ಗುರುತಿಸಬಲ್ಲುದಾದ್ದರಿಂದ, ಎರಡನ್ನೂ ಕೋಣೆಯ ಎರಡು ಕೊನೆಗಳಲ್ಲಿಡದೆ ಹತ್ತಿರ ಹತ್ತಿರವೇ ಇಡಬೇಕು. ಪೂರ್ಣ 5.1 ಸೆಟ್ಟುಳ್ಳವನಾದರೋ ಹಿಂದಣ ಸ್ಪೀಕರುಗಳನ್ನು ಕುಳಿತವನ ಪಕ್ಕದಿಂದ ತುಸು ಹಿಂದಕ್ಕೆ, ಎದುರಿನ ನೇರಕ್ಕೆ 100ರಿಂದ 120 ಡಿಗ್ರಿ ಕೋನದಲ್ಲಿ ನಿಲ್ಲಿಸಿ, ಅಲ್ಲಿಗೆ ತಂತಿಯನ್ನೇ ಎಳೆಯಲಿ. ಸಬ್‌ವೂಫರಿಗೆ ತಕ್ಕ ಜಾಗವನ್ನು ಹುಡುಕಲು ಮೊದಲು ಅದನ್ನು ತಾನು ಕುಳಿತುಕೊಳ್ಳುವ ಸ್ಥಳದಲ್ಲಿಯೇ ಇಟ್ಟು ನುಡಿಸಿ, ತಾನು ಗೋಡೆಯ ಬದಿಯಲ್ಲಿ ಬಗ್ಗಿ ನಡೆಯುತ್ತ, ಬಾಸು ಎಲ್ಲಿ ಹದವಾಗಿ, ಗುಂಯ್‌ಗುಡದೆ ಕೇಳುವುದೋ ಆ ಮೂಲೆಗೆ ಪೆಟ್ಟಿಗೆಯನ್ನು ಸರಿಸಲಿ.