ಬೆಲ್ಟ್ ಕಡಿದ ಮೇಲೂ ಆರು ಕಿಲೋಮೀಟರ್

ಈ ಸಂಚಿಕೆ ಶುರುವಾಗೋದು ಶಿರಾಡಿ ಘಾಟಿಯಲ್ಲಿ, ನನ್ನದೇ ತಪ್ಪಿನಿಂದ. ಅಪ್ಪನ ಕಾರು ತಗೊಂಡು ಗುಂಡ್ಯ ದಾಟಿ ಸಕಲೇಶಪುರದ ಕಡೆ ಹತ್ತುತ್ತಿದ್ದೆ. ಬಾನೆಟ್ ಒಳಗೆ ‘ಪಟ್’ ಅಂತ ಸದ್ದಾಯ್ತು. ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿತು, ಸ್ಟೀರಿಂಗ್ ಕಲ್ಲಿನ ಹಾಗೆ ಭಾರವಾಯ್ತು. ಬ್ಯಾಟರಿ ತಾನೇ, ಊರು ಸಿಕ್ಕಿದ ಮೇಲೆ ನೋಡಿದರಾಯ್ತು ಅಂತ ಓಡಿಸಿಕೊಂಡೇ ಹೋದೆ. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಕೆಳಗಿಳಿಯಿತು. ಅಬ್ಬ, ಸರಿಹೋಯ್ತು ಅಂದುಕೊಂಡೆ. ಅಸಲಿಗೆ ನೀರೆಲ್ಲ ಖಾಲಿಯಾಗಿತ್ತು; ಸೆನ್ಸರ್‌ಗೆ ಅಳೆಯೋಕೆ ನೀರೇ ಉಳಿದಿರಲಿಲ್ಲ. ಆರು ಕಿಲೋಮೀಟರ್ ಆದ ಮೇಲೆ ಇಂಜಿನ್ ನಿಂತೇ ಹೋಯ್ತು.

ಗ್ಯಾರೇಜಲ್ಲಿ ಬಿಚ್ಚಿದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್‌ಗೆ ಸೇರಿದೆ, ಅಲ್ಯೂಮಿನಿಯಂ ಹೆಡ್ ಬಾಗಿದೆ ಅಂದರು. ಬೆಲ್ಟಿಗೆ 900 ರೂಪಾಯಿ, ಬಿಲ್ಲು 41,000. ಬಿ.ಕಾಂ. ಓದಿದ ನನಗೆ ಈ ಲೆಕ್ಕ ಯಾವ ಕಾಲಮ್ಮಿಗೆ ಬರೆಯಬೇಕೋ ಗೊತ್ತಾಗಲಿಲ್ಲ. ಆದರೆ ಒಂದು ಪ್ರಶ್ನೆ ಕಾಡಿತು. ಇಷ್ಟೆಲ್ಲ ಕೆಲಸವನ್ನು ಒಂದು ರಬ್ಬರ್ ಪಟ್ಟಿಯ ಮೇಲೆ ಹೊರಿಸಿದ್ದು ಯಾರು?

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ನೋಡಿ. ಮೊದಲ ಸುಮಾರು 2,500 ಕಾರುಗಳಲ್ಲಿ ನೀರಿನ ಪಂಪ್ ಇತ್ತು, ಆಮೇಲೆ ಅದನ್ನು ತೆಗೆದೇಬಿಟ್ಟರು. ಬಿಸಿ ನೀರು ತಾನಾಗಿಯೇ ಮೇಲೇರಿ ರೇಡಿಯೇಟರಿಗೆ ಹೋಗುತ್ತೆ, ತಣ್ಣಗಾದದ್ದು ಕೆಳಗಿಳಿಯುತ್ತೆ. ಹಂಡೆಯಲ್ಲಿ ನೀರು ಕಾಯುವ ಹಾಗೇ. ಬೆಲ್ಟ್ ತಿರುಗಿಸ್ತಾ ಇದ್ದದ್ದು ಫ್ಯಾನನ್ನು ಮಾತ್ರ. ಬೆಲ್ಟ್ ಹೋದರೆ ನೀರು ಕುದಿಯಬಹುದಿತ್ತು, ಆದರೆ ಹರಿಯೋದು ನಿಲ್ತಿರಲಿಲ್ಲ.

ಇಂಜಿನ್ನಿನ ಶಕ್ತಿ ಹೆಚ್ಚಿದ ಹಾಗೆ ಈ ಸೋಮಾರಿ ಪದ್ಧತಿ ಸಾಲಲಿಲ್ಲ, ಪಂಪ್ ವಾಪಸ್ ಬಂತು. ಅಷ್ಟರಲ್ಲಿ, 1917ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿ ಜಾನ್ ಗೇಟ್ಸ್ ರಬ್ಬರ್ ಮತ್ತು ನೂಲಿನ ವಿ-ಬೆಲ್ಟ್ ತಯಾರಿಸಿದ್ದರು. ಬೆಣೆಯ ಹಾಗಿರುವ ಈ ಬೆಲ್ಟ್ ಎಳೆದಷ್ಟೂ ಪುಲ್ಲಿಯ ಸಂದಿನಲ್ಲಿ ಬಿಗಿಯಾಗಿ ಕೂರುತ್ತೆ. ಹೀಗಾಗಿ ಒಂದೇ ಬೆಲ್ಟಿನಿಂದ ಪಂಪು, ಫ್ಯಾನು, ಡೈನಮೋ ಮೂರನ್ನೂ ತಿರುಗಿಸೋದು ರೂಢಿಯಾಯ್ತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಇದೇ ಜಾತಿ.

ಕೆಂಪು ದೀಪದ ಗುಟ್ಟು ಇಲ್ಲೇ ಇದೆ. ಬೆಲ್ಟ್ ಕಡಿದರೆ ಡೈನಮೋ ನಿಲ್ಲುತ್ತೆ, ಚಾರ್ಜಿಂಗ್ ದೀಪ ಹತ್ತುತ್ತೆ. ಅದೇ ಬೆಲ್ಟಿನ ಪಂಪೂ ನಿಂತಿರುತ್ತೆ, ಅದಕ್ಕೆ ಮಾತ್ರ ಪ್ರತ್ಯೇಕ ದೀಪ ಇಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ನೀರೇ ಇರಲಿಲ್ಲ, ಗಾಳಿಯಿಂದಲೇ ತಂಪು. ಅಲ್ಲೂ ಜನರೇಟರ್ ಮತ್ತು ತಂಪಿನ ಫ್ಯಾನ್ ಒಂದೇ ಬೆಲ್ಟಿನಲ್ಲಿ. ಕೆಂಪು ದೀಪ ಹತ್ತಿದರೆ ತಕ್ಷಣ ಗಾಡಿ ನಿಲ್ಲಿಸಬೇಕು ಅನ್ನೋದು ಬೀಟಲ್ ಓಡಿಸೋರಿಗೆಲ್ಲ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

1979ರ ಫೋರ್ಡ್ ಮಸ್ಟಾಂಗ್‌ನಲ್ಲಿ ಹಾವಿನ ಹಾಗೆ ಎಲ್ಲ ಪುಲ್ಲಿಗಳನ್ನೂ ಸುತ್ತಿ ಬರುವ ಒಂದೇ ಚಪ್ಪಟೆ ಬೆಲ್ಟ್ ಬಂತು. ಜಾಗ ಉಳೀತು. ಆದರೆ ಕಡಿದರೆ ಆಲ್ಟರ್ನೇಟರ್, ಪವರ್ ಸ್ಟೀರಿಂಗ್, ಏಸಿ, ಪಂಪು ಎಲ್ಲವೂ ಒಟ್ಟಿಗೆ. ನನ್ನ ಸ್ಟೀರಿಂಗ್ ಭಾರವಾಗಿದ್ದು ಅದಕ್ಕೇ.

ಬೆಲ್ಟಿನ ಇನ್ನೊಂದು ವಂಶವೂ ಇದೆ, ಹಲ್ಲಿರುವ ಟೈಮಿಂಗ್ ಬೆಲ್ಟ್. ಇದರ ಮೂಲ ಹೊಲಿಗೆ ಯಂತ್ರ ಅಂದ್ರೆ ನಂಬ್ತೀರಾ? ಸೂಜಿ ಮತ್ತು ಕೆಳಗಿನ ಬಾಬಿನ್ ತಾಳ ತಪ್ಪಬಾರದು ಅಂತ 1940ರ ದಶಕದಲ್ಲಿ ಯೂನಿರಾಯಲ್‌ನ ರಿಚರ್ಡ್ ಕೇಸ್ ಸಿಂಗರ್ ಯಂತ್ರಕ್ಕಾಗಿ ಇದನ್ನು ರೂಪಿಸಿದರು. ಕಾರಿಗೆ ತಂದದ್ದು ಜರ್ಮನಿಯ ಡಿಂಗೋಲ್ಫಿಂಗ್ ಊರಿನ ಗ್ಲಾಸ್ ಕಂಪನಿ, 1960ರ ದಶಕದ ಆರಂಭದ ಗ್ಲಾಸ್ 1004ರಲ್ಲಿ. ಕೃಷಿ ಯಂತ್ರ ಮಾಡ್ತಿದ್ದ ಆ ಕಂಪನಿಯನ್ನು 1966ರಲ್ಲಿ ಬಿಎಂಡಬ್ಲ್ಯು ಕೊಂಡುಕೊಂಡಿತು. ಆಮೇಲೆ ಬಂದ ಎಷ್ಟೋ ಕಾರುಗಳಲ್ಲಿ ನೀರಿನ ಪಂಪನ್ನೂ ಈ ಹಲ್ಲಿನ ಬೆಲ್ಟಿಗೇ ಕಟ್ಟಿದರು. ಪಂಪಿನ ಬೇರಿಂಗ್ ಜಾಮ್ ಆದರೆ ಬೆಲ್ಟ್ ಕಡಿಯಬಹುದು. ಕಡಿದರೆ ಕೆಲವು ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೇ ಹೊಡೆಯುತ್ತೆ. ಬಿಸಿಯಾಗೋಕೂ ಪುರುಸೊತ್ತು ಸಿಗಲ್ಲ.

ನನ್ನ ಪರವಾಗಿ ಒಂದೇ ಒಂದು ವಾದ ಇದೆ. ಹೊರಡೋ ಮುಂಚೆ ಬೆಲ್ಟ್ ನೋಡಿದ್ದೆ, ಬಿರುಕು ಇರಲಿಲ್ಲ. ಹಳೆಯ ನಿಯೋಪ್ರೀನ್ ಬೆಲ್ಟುಗಳು ವಯಸ್ಸಾದರೆ ಬಿರುಕು ಬಿಡುತ್ತಿದ್ದವು. ಈಗಿನ ಇಪಿಡಿಎಂ ರಬ್ಬರ್ ಹಾಗೆಲ್ಲ ಬಿಡಲ್ಲ, ಟೈರಿನ ಹಾಗೆ ಸವೆಯುತ್ತೆ. ಗೇಜ್ ಇಟ್ಟು ಗೀರುಗಳ ಆಳ ನೋಡಬೇಕಿತ್ತು. ಹಳೇ ಕಾಲದ ಪರೀಕ್ಷೆಯನ್ನ ಹೊಸ ಬೆಲ್ಟಿಗೆ ಮಾಡಿದ್ದೆ.

ಅಪ್ಪ ಹಿಂದೆ ಪದ್ಮಿನಿ ಓಡಿಸುತ್ತಿದ್ದವರು. ಅದರ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಒಂದು ಫ್ಯಾನ್ ಬೆಲ್ಟು, ಒಂದು ಕ್ಯಾನು ನೀರು ಯಾವಾಗಲೂ ಇರ್ತಿತ್ತು. ಬಿಲ್ಲು ನೋಡಿ ಅವರು ಬೈಯಲಿಲ್ಲ. ‘ದೀಪ ಹತ್ತಿದ್ದು ಎಲ್ಲಿ?’ ಅಂತ ಮಾತ್ರ ಕೇಳಿದರು. ‘ಗಾಡಿ ನಿಲ್ಲೋಕೆ ಸ್ವಲ್ಪ ಮುಂಚೆ ಅಪ್ಪಾ’ ಅಂದಿದ್ದೆ. ಈ ಸಂಚಿಕೆಯನ್ನ ಅವರೂ ಕೇಳ್ತಾರೆ.