ಇಸಿಜಿ ‘ನಾರ್ಮಲ್’ ಅಂದರೂ ಎದೆನೋವು ನಿಲ್ಲಲಿಲ್ವಾ? ವೈರ್ ಜಾಗ ಬದಲಿಸಿ ನೋಡುವ ಪರೀಕ್ಷೆಯೂ ಇದೆ

ಎದೆನೋವು ಅಂತ ಹೋಗಿ ಇಸಿಜಿ ಮಾಡಿಸಿ, ‘ನಾರ್ಮಲ್ ಇದೆ, ಗ್ಯಾಸ್ಟ್ರಿಕ್ ಇರಬೇಕು’ ಎಂದು ಕೇಳಿಸಿಕೊಂಡು ಮತ್ತೆ ಅಂಗಡಿಯಲ್ಲಿ ಬಂದು ಕೂರುವವರು ಬಹಳ. ಎಷ್ಟೋ ಸಲ ಅದು ಗ್ಯಾಸ್ಟ್ರಿಕ್ಕೇ ಆಗಿರುತ್ತದೆ. ಆದರೆ ಮಾಮೂಲಿ ಇಸಿಜಿ ಹೃದಯವನ್ನು ಎಲ್ಲ ಕಡೆಯಿಂದಲೂ ನೋಡುವುದಿಲ್ಲ.

ಇಸಿಜಿಗೆ ಹಾಕುವುದು 10 ವೈರ್. ಕೈಕಾಲಿಗೆ 4, ಎದೆಗೆ 6. ಇವುಗಳಿಂದಲೇ ಮೆಷಿನ್ ಹೃದಯವನ್ನು 12 ಕೋನದಲ್ಲಿ ನೋಡುತ್ತದೆ. ಒಂದೊಂದು ಕೋನಕ್ಕೂ ‘ಲೀಡ್’ ಅಂತ ಹೆಸರು. ಎದೆಯ ವೈರ್‌ಗಳು ಬಹುಪಾಲು ಮುಂದೆ ಮತ್ತು ಎಡಗಡೆ ಇರುತ್ತವೆ. ಗಲ್ಲಾಪೆಟ್ಟಿಗೆ ಕಡೆಗೆ ಸಿಸಿಟಿವಿ ಹಾಕಿ ಗೋಡೌನ್ ಬಿಟ್ಟ ಹಾಗೆ.

ಹೃದಯದ ಹಿಂಭಾಗಕ್ಕೆ ರಕ್ತ ನಿಂತಾಗ ಗೆರೆ ಮೇಲೇಳುವ ಬದಲು ವಿ1ರಿಂದ ವಿ3ರವರೆಗೆ ತಗ್ಗಿದಂತೆ ಕಾಣಬಹುದು. ಹೀಗಾಗಿ ದೊಡ್ಡ ಅಟ್ಯಾಕ್ ಕೂಡ ಸಣ್ಣದಾಗಿ ತೋರುತ್ತದೆ. ಆಗ ಮೂರು ವೈರ್ ತೆಗೆದು ಎಡಬೆನ್ನಿಗೆ, ಹೆಗಲ ಹಲಗೆಮೂಳೆಯ ಕೆಳತುದಿಯ ಆಸುಪಾಸು ಹಾಕುತ್ತಾರೆ. ಇವೇ ವಿ7, ವಿ8, ವಿ9. ಇಲ್ಲಿ ಗೆರೆ ಅರ್ಧ ಮಿಲಿಮೀಟರ್ ಎದ್ದರೂ ಗಂಭೀರ.

ಬಲಗಡೆಯದು ಇನ್ನೂ ಸೂಕ್ಷ್ಮ. ಹೃದಯದ ಕೆಳಭಾಗದ ಅಟ್ಯಾಕ್ ಕಂಡರೆ ವಿ4 ವೈರನ್ನು ಬಲ ಎದೆಯ ಅದೇ ಮಟ್ಟಕ್ಕೆ ಹಾಕಿ ನೋಡಬೇಕು. ಬಲ ಕೆಳಕೋಣೆಗೂ ಪೆಟ್ಟು ಬಿದ್ದಿದ್ದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯಿಂದ ಬಿಪಿ ದಿಢೀರ್ ಕುಸಿಯಬಹುದು. ಪಕ್ಕದ ಅಂಗಡಿಯವರು ಕೊಟ್ಟರು ಅಂತ ಆ ಮಾತ್ರೆ ಇಟ್ಟುಕೊಳ್ಳುವುದು ಇದಕ್ಕೇ ಅಪಾಯ.

ಇದಕ್ಕೆಲ್ಲ ಹೊಸ ಮೆಷಿನ್ ಬೇಡ, ಕೆಲವೇ ನಿಮಿಷ ಸಾಕು. ಆದರೆ ವೈರ್ ಎಲ್ಲಿ ಹಾಕಿದೆ ಎಂದು ಕಾಗದದ ಮೇಲೆ ಪೆನ್ನಲ್ಲಿ ಬರೆಯಲೇಬೇಕು. ಎಲ್ಲಿಗೆ ಹಾಕಿದರೂ ಮೆಷಿನ್ ಹಳೇ ಹೆಸರನ್ನೇ ಪ್ರಿಂಟ್ ಮಾಡುತ್ತದೆ!

ನೋವು, ಬೆವರು, ಉಸಿರಾಟದ ತೊಂದರೆ ಮುಂದುವರಿದರೆ ಮನೆಗೆ ಹೊರಡಬೇಡಿ. 15ರಿಂದ 30 ನಿಮಿಷ ಬಿಟ್ಟು ಇನ್ನೊಂದು ಇಸಿಜಿ, ಟ್ರೋಪೋನಿನ್ ರಕ್ತಪರೀಕ್ಷೆ ಬೇಕೇ ಎಂದು ಕೇಳಿ. ‘ಬೆನ್ನಿನ ಕಡೆ, ಬಲಗಡೆ ನೋಡಬೇಕಾ ಡಾಕ್ಟ್ರೇ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.

ಹಳೇ ಇಸಿಜಿ ಇದ್ದರೆ ಜೊತೆಗೆ ಒಯ್ಯಿರಿ, ಹೋಲಿಸಿ ನೋಡಲು ಅನುಕೂಲ. ಅಂಗಡಿ ಬಿಲ್ಲಿನ ಹಾಗೆ ಅದೂ ಥರ್ಮಲ್ ಕಾಗದವಾದರೆ ಮಾಸಿಹೋಗುತ್ತೆ. ಮೊಬೈಲಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.